ಮಂಗಳ, ಗುರು, ಶನಿವಾರದ ಗಾಡಿ

ಆಪಾ ಅವರ ಬಳೆಗಳೆಲ್ಲ ಬಲಗೈಯಲ್ಲೇ ಇರುತ್ತಿದ್ದವು. ಎಡಗೈ ಬೋಳು. ಮೊಣಕೈಯ ಒಳಮಗ್ಗುಲಿಂದ ಮಣಿಕಟ್ಟಿನವರೆಗೆ ಒಂದು ನರ ಹಗ್ಗದಷ್ಟು ದಪ್ಪವಾಗಿ ಎದ್ದು ಅಂಕುಡೊಂಕಾಗಿ ಹರಿದಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ಡಾಕ್ಟರರು ಎರಡು ರಕ್ತನಾಳಗಳನ್ನು ಒಳಗೇ ಸೇರಿಸಿ ಹೊಲಿದ ಜಾಗ ಅದು. ಪರಿಚಯವಾದ ಹೊಸತರಲ್ಲಿ ನಾನು ಕದ್ದು ಕದ್ದು ನೋಡುತ್ತಿದ್ದುದನ್ನು ಗಮನಿಸಿ, "ಮುಟ್ಟಿ ನೋಡಮ್ಮ, ಕಚ್ಚಲ್ಲ" ಎಂದು ನನ್ನ ಬೆರಳು ಹಿಡಿದು ಅದರ ಮೇಲಿಟ್ಟರು. ಚರ್ಮದ ಕೆಳಗೆ ಏನೋ ಗುಂಯ್ ಎಂದು ನಡುಗುತ್ತಿತ್ತು, ಮಲಗಿದ ಬೆಕ್ಕಿನ ಎದೆಯ ಹಾಗೆ. ನಾನು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡೆ. ಆಪಾ ನಕ್ಕುಬಿಟ್ಟರು.

"ಇಂಜಿನ್ ಓಡ್ತಿದೆ ಅಂತ ಅರ್ಥ. ಸದ್ದು ನಿಂತ್ರೆ ಮಾತ್ರ ಓಡೋಗ್ಬೇಕು ಆಸ್ಪತ್ರೆಗೆ."

ಕೋವಿಡ್ ಬಂದ ವರ್ಷ ನಾವು ಕ್ಲಾರ್ಕ್ಸ್‌ಬರ್ಗ್‌ನ ಈ ಟೌನ್‌ಹೌಸ್ ಸಾಲಿಗೆ ಬಂದೆವು. ಎದುರುಮನೆ ಆಪಾ ಅವರದು; ಆಪಾ ಅಂದರೆ ಉರ್ದುವಿನಲ್ಲಿ ಅಕ್ಕ. ಗಂಡ ಹೆಂಡತಿ ಇಬ್ಬರೇ. ಮೈಸೂರಿನವರು, ಇಲ್ಲಿಗೆ ಬಂದು ಅರ್ಧ ಆಯುಸ್ಸು ಕಳೆದವರು. ಆಪಾ ಫಾರ್ಮಸಿಸ್ಟ್ ಆಗಿದ್ದವರು, ಮೂತ್ರಪಿಂಡ ಕೈಕೊಟ್ಟ ಮೇಲೆ ಕೆಲಸ ಬಿಟ್ಟಿದ್ದರು. ಅವರ ಯಜಮಾನರು, ನಾವು ಕರೆಯುತ್ತಿದ್ದುದು ಸಾಹೇಬ್ರು ಅಂತ, ಇಂಜಿನಿಯರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತಿಂದು ಹಾಕಿತ್ತು. ಎದುರಿಗೆ ನಿಂತವರ ಆಕಾರ ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಗಾಡಿ ಓಡಿಸುವವರು ಆಪಾ ಒಬ್ಬರೇ.

ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಅವರ ಬೂದುಬಣ್ಣದ ಕಾರು ಡಯಾಲಿಸಿಸ್ ಸೆಂಟರಿಗೆ ಹೊರಡುತ್ತಿತ್ತು. ಪಕ್ಕದ ಸೀಟಿನಲ್ಲಿ ಸಾಹೇಬ್ರು, ಮಡಿಲಲ್ಲಿ ಹೊದಿಕೆಯ ಗಂಟು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ಹಾಲು ಕಾಯಿಸುತ್ತಿದ್ದೆ. ಒಮ್ಮೆ ಕೇಳಿದ್ದೆ, ಒಂದು ದಿನ ತಪ್ಪಿದರೆ ಏನಾಗುತ್ತೆ ಆಪಾ ಅಂತ. ಔಷಧಿ ಎಷ್ಟು ಹೊತ್ತಿಗೆ ತಗೋಬೇಕು ಅಂತ ಹೇಳುವ ದನಿಯಲ್ಲೇ ಹೇಳಿದರು: "ಒಂದು ತಪ್ಪಿದ್ರೆ ಕಾಲು ಊದುತ್ತೆ. ಎರಡು ತಪ್ಪಿದ್ರೆ ನೀರು ಶ್ವಾಸಕೋಶಕ್ಕೆ ಬರುತ್ತೆ. ಆಮೇಲೆ ಹಾರ್ಟ್ ಯಾವಾಗ ನಿಲ್ಲುತ್ತೆ ಅಂತ ಅದಕ್ಕೇ ಗೊತ್ತು."

ರೋಗಿಗಳನ್ನು ಕರೆದೊಯ್ಯಲು ವ್ಯಾನ್ ಬರುತ್ತದಲ್ಲ ಅಂದರೆ ಒಪ್ಪುತ್ತಿರಲಿಲ್ಲ. "ಆಕಾಶದಲ್ಲಿ ನಾಲ್ಕು ಚೂರು ಸ್ನೋ ಕಂಡ್ರೆ ಮೊದ್ಲು ಕ್ಯಾನ್ಸಲ್ ಆಗೋದೇ ಆ ವ್ಯಾನು." ಆದರೆ ನಿಜವಾದ ಕಾರಣ ಇನ್ನೊಂದು. ಅದನ್ನು ಒಂದು ದಿನ ಚಹಾ ಕುಡಿಯುತ್ತ ಹೇಳಿದರು. ಚಹಾ ಅಂದರೆ ಅರ್ಧ ಲೋಟ. ನೀರು ಲೆಕ್ಕ ಹಾಕಿ ಕುಡಿಯಬೇಕಾದ ಬದುಕು ಅವರದು. "ಆ ಕುರ್ಚೀಲಿ ನಾಲ್ಕು ಗಂಟೆ ಎಲ್ಲಾ ಮಿಷಿನ್ನೇ ಮಾಡುತ್ತೆ ಕಣಮ್ಮ. ರಕ್ತ ಅದೇ ತೆಗೆಯುತ್ತೆ, ಅದೇ ತೊಳೆಯುತ್ತೆ, ಅದೇ ವಾಪಸ್ ಕೊಡುತ್ತೆ. ಮನೆಗೆ ಬರೋವಾಗ ಸ್ಟೀರಿಂಗ್ ಆದ್ರೂ ನನ್ನ ಕೈಲಿರ್ಲಿ."

ಹಾಗಾಗಿ ಚಳಿಗಾಲಕ್ಕೆ ಆ ಗಾಡಿಯನ್ನು ತಯಾರು ಮಾಡುವುದೆಂದರೆ ಆಪಾಗೆ ಸಣ್ಣ ವಿಷಯವಲ್ಲ. ಅದು ಆಯುಧಪೂಜೆಯ ದಿನವೇ ಆಗಬೇಕು.

ಮೊದಲ ವರ್ಷ ಮನೆ ಮುಂದಿನ ನಮ್ಮ ಡ್ರೈವ್‌ವೇನಲ್ಲಿ ಕಾರು ತೊಳೆದು, ಅರಿಶಿನ ಕುಂಕುಮ ಇಟ್ಟು, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಿದ್ದೆ. ಆಪಾ ಕೀಲಿಕೈ ಕುಣಿಸುತ್ತ ರಸ್ತೆ ದಾಟಿ ಬಂದರು.

"ಬರೀ ಕುಂಕುಮ ಇಟ್ರೆ ಜನವರೀಲಿ ಸ್ಟಾರ್ಟ್ ಆಗುತ್ತಾ?"

ನಾನು ನಕ್ಕು ಇನ್ನೊಂದು ನಿಂಬೆಹಣ್ಣನ್ನು ಚಕ್ರದಡಿಗೆ ತಳ್ಳಿದೆ.

"ನನ್ನ ಗಾಡಿನೂ ಪಕ್ಕದಲ್ಲಿ ನಿಲ್ಲಿಸ್ತೀನಿ. ಪೂಜೆ ನೀನು ಮಾಡು, ಬಾನೆಟ್ ನಾನು ತೆಗೀತೀನಿ."

ಅವರ ತಂದೆಗೆ ಮೈಸೂರಿನಲ್ಲಿ ಗ್ಯಾರೇಜ್ ಇತ್ತಂತೆ. ಆಯುಧಪೂಜೆಗೆ ಗಿರಾಕಿಗಳ ಗಾಡಿಗಳೆಲ್ಲ ಅಲ್ಲಿ ಸಾಲುಗಟ್ಟುತ್ತಿದ್ದವು. ತೊಳೆದು, ನಟ್ಟು ಬೋಲ್ಟು ಬಿಗಿದು, ಎಣ್ಣೆ ಬಿಟ್ಟು, ಆಮೇಲೆ ಹೂವಿನ ಹಾರ. ಬೂದುಗುಂಬಳ ಒಡೆಯುವುದು ಅಬ್ಬಾ ಅವರೇ. "ವರ್ಷಕ್ಕೆ ಎರಡೇ ದಿನ ನಮ್ಮ ಗ್ಯಾರೇಜಲ್ಲಿ ಗ್ರೀಸ್ ವಾಸನೆ ಇರ್ತಿರ್ಲಿಲ್ಲ. ಒಂದು ಈದ್, ಇನ್ನೊಂದು ಆಯುಧಪೂಜೆ" ಅನ್ನುತ್ತಿದ್ದರು. ಇಲ್ಲಿಗೆ ಬಂದ ಮೇಲೂ ಗಾಡಿಯ ದಿನ ಅಂದರೆ ಅವರಿಗೆ ಅದೊಂದೇ. ಎಲೆ ಉದುರುವ ಕಾಲ. ಹೇಗೂ ಚಳಿಗೆ ಸಿದ್ಧವಾಗುವ ಹೊತ್ತು ಅದೇ.

ಆ ಎಡಗೈಯಲ್ಲಿ ಅವರು ಭಾರ ಎತ್ತುವಂತಿರಲಿಲ್ಲ; ಎತ್ತುವ, ತಿರುಪುವ ಕೆಲಸವೆಲ್ಲ ನನ್ನದು. "ಎಡಗೈ, ಬಾ ಇಲ್ಲಿ" ಅಂತ ನನ್ನನ್ನೇ ಕರೆಯುತ್ತಿದ್ದರು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿಸುತ್ತಿದ್ದರು. ಗ್ಯಾರೇಜಿನ ಬಾಗಿಲಿಗೆ ಹೆಡ್‌ಲೈಟ್ ಬೀಳುವ ಹಾಗೆ ನಿಲ್ಲಿಸಿ, ಸ್ಟಾರ್ಟ್ ಮಾಡುವಾಗ ಬೆಳಕು ಎಷ್ಟು ಮಂಕಾಗುತ್ತದೆ ನೋಡು ಅನ್ನುತ್ತಿದ್ದರು. ತೀರಾ ಮಂಕಾದರೆ ಆ ಬ್ಯಾಟರಿ ಚಳಿಗಾಲ ದಾಟುವುದಿಲ್ಲ. ಗಾಜು ತೊಳೆಯುವ ಬೇಸಗೆಯ ನೀರನ್ನು ಚಿಮ್ಮಿಸಿ ಚಿಮ್ಮಿಸಿ ಖಾಲಿ ಮಾಡಿಸಿ, ಹೆಪ್ಪುಗಟ್ಟದ ನೀಲಿ ದ್ರಾವಣ ತುಂಬಿಸುತ್ತಿದ್ದರು. ಟೈರಿನ ಗಾಳಿ, ವೈಪರಿನ ರಬ್ಬರು. ಕೊನೆಗೆ ಡಿಕ್ಕಿ. ಈ ದೇಶದಲ್ಲಿ ಎಲ್ಲರೂ ಟ್ರಂಕ್ ಅಂದರೂ ಅವರಿಗೆ ಅದು ಡಿಕ್ಕಿಯೇ. ಅದರಲ್ಲಿ ಸಲಿಕೆ, ಹೊದಿಕೆ, ಟಾರ್ಚು, ಸಾಕುಬೆಕ್ಕಿನ ಕಕ್ಕಸಿನ ತಟ್ಟೆಗೆ ಹಾಕಲೆಂದು ಮಾರುವ ಬೆಕ್ಕಿನ ಮಣ್ಣು ಒಂದು ಚೀಲ. ಚಕ್ರ ಜಾರಿದರೆ ಅಡಿಗೆ ಎರಚಲು ಅದು. ಬೆಕ್ಕೇ ಇಲ್ಲದ ಮನೆಗೆ ಪ್ರತಿ ವರ್ಷ ಬೆಕ್ಕಿನ ಮಣ್ಣು ತರುವುದನ್ನು ನೋಡಿ ಅಂಗಡಿಯ ಹುಡುಗಿ ಬೆಕ್ಕಿನ ಹೆಸರೇನು ಅಂತ ಕೇಳಿದಳಂತೆ. ಆಪಾ ಸಾಹೇಬ್ರ ಹೆಸರು ಹೇಳಿ ಬಂದಿದ್ದರು.

ಬಾಗಿಲ ಅಂಚಿನ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಹೊಡೆಯುವ ಹೊತ್ತಿಗೆ ಒಂದು ಕಥೆ ಬಂದೇ ಬರುತ್ತಿತ್ತು.

"ಮೊದಲ್ನೇ ಚಳಿಗಾಲದಲ್ಲಿ ಇವ್ರು ಏನ್ ಮಾಡಿದ್ರು ಗೊತ್ತಾ?"

"ಶುರು ಮಾಡಿದ್ಲಪ್ಪ" ಎಂದು ಮಡಿಚುವ ಕುರ್ಚಿಯಲ್ಲಿ ಬಿಸಿಲು ಕಾಯುತ್ತಿದ್ದ ಸಾಹೇಬ್ರು ಗೊಣಗುತ್ತಿದ್ದರು.

"ಕೊಬ್ಬರಿ ಎಣ್ಣೆ! ನಾಲ್ಕೂ ಬಾಗ್ಲಿಗೆ. ಮಗೂಗೆ ತಲೆಗೆ ಹಚ್ಚಿದ ಹಾಗೆ ತಿಕ್ಕಿ ತಿಕ್ಕಿ ಹಚ್ಚಿದ್ರು."

"ರಬ್ಬರ್ ಒಣಗಿ ಒಡೀಬಾರ್ದು ಅಂತ ಕಣೇ."

"ಡಿಸೆಂಬರಲ್ಲಿ ಮೈಸೂರಲ್ಲೇ ಬಾಟ್ಲೀಲಿ ಗಟ್ಟಿಯಾಗುತ್ತೆ, ಬಿಸಿಲಲ್ಲಿ ಇಟ್ಟು ತಲೆಗೆ ಹಚ್ಕೋತೀವಿ. ಇಷ್ಟು ದೊಡ್ಡ ಇಂಜಿನಿಯರ್‌ಗೆ ಅದು ಹೊಳೀಲಿಲ್ಲ ನೋಡು. ಬೆಳಿಗ್ಗೆ ನಾಲ್ಕೂ ಬಾಗ್ಲು ಮೇಣದಲ್ಲಿ ಅಂಟಿಸಿದ ಹಾಗೆ ಕೂತಿವೆ. ಕೋಟು ಟೈ ಹಾಕ್ಕೊಂಡು ಡಿಕ್ಕಿಯಿಂದ ತೂರಿದ್ರು. ಪಕ್ಕದ ಮನೆಯವ್ಳು ಕಳ್ಳ ಅಂದ್ಕೊಂಡು ಕೂಗ್ಕೊಂಡ್ಳು."

"ಆಫೀಸಿಗೆ ಟೈಮಿಗೆ ಹೋದ್ನೋ ಇಲ್ವೋ, ಅದನ್ನ ಕೇಳಮ್ಮ" ಎಂದು ಸಾಹೇಬ್ರು ನನ್ನ ಕಡೆಗೆ, ಅಂದರೆ ನಾನು ನಿಂತಿರಬಹುದಾದ ಕಡೆಗೆ, ತಿರುಗುತ್ತಿದ್ದರು.

ನನಗೆ ಹಿಮದಲ್ಲಿ ಗಾಡಿ ಓಡಿಸಲು ಕಲಿಸಿದವರೂ ಅವರೇ. ಮೊದಲ ಚಳಿಗಾಲದಲ್ಲಿ ನಾನು ಬಿಳಿ ಕಂಡರೆ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಒಂದು ಭಾನುವಾರ ತೆಳುವಾಗಿ ಹಿಮ ಬಿದ್ದಿತ್ತು. ಆಪಾ ಬಂದು ನನ್ನನ್ನು ನನ್ನದೇ ಕಾರಿನಲ್ಲಿ ಕೂರಿಸಿಕೊಂಡು, ಖಾಲಿ ಬಿದ್ದಿದ್ದ ಶಾಲೆಯ ಪಾರ್ಕಿಂಗ್ ಲಾಟಿಗೆ ಹೊರಡಿಸಿದರು. "ಈಗ ಜೋರಾಗಿ ಬ್ರೇಕ್ ಹಾಕು. ಜಾರಿಸು. ಬೇಕಂತ ಜಾರಿಸು." ಗಾಡಿ ಗಿರ್ರೆಂದು ತಿರುಗಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ನಾನು ದೇವರ ಹೆಸರನ್ನೆಲ್ಲ ಹೇಳಿದೆ. "ಆಯ್ತಾ? ಈಗ ಇನ್ನೊಂದು ಸಲ. ಬ್ರೇಕಿಂದ ಕಾಲು ತೆಗಿ, ಹೋಗ್ಬೇಕಾದ ಕಡೆ ನೋಡು, ಅದೇ ಕಡೆ ತಿರುಗ್ಸು." ಅಂಗೈ ಬೆವರಿ ಸ್ಟೀರಿಂಗ್ ಒದ್ದೆಯಾಗುವವರೆಗೂ ಬಿಡಲಿಲ್ಲ. ಆ ಮಧ್ಯಾಹ್ನ ನಾನೇ ಗಾಡಿ ಓಡಿಸಿಕೊಂಡು ಹೋಗಿ ಹಾಲು ತಂದೆ. ಇವತ್ತಿಗೂ ಹಿಮದ ದಿನ ನಾನು ಮನೆಯಿಂದ ಹೊರಗೆ ಕಾಲಿಡುವುದು ಅವರು ಕೊಟ್ಟ ಧೈರ್ಯದ ಮೇಲೆ.

ಆಪಾ ಅವರ ಮಗಳು ಇರುವುದು ದಕ್ಷಿಣಕ್ಕೆ, ನಾರ್ತ್ ಕೆರೊಲೈನಾದ ಏಪೆಕ್ಸ್‌ನಲ್ಲಿ. ಇಲ್ಲೇ ಹುಟ್ಟಿ ಬೆಳೆದವಳು. ಚಳಿ ಶುರುವಾದರೆ ದಿನಾ ಫೋನು. ಆಪಾ ಸ್ಪೀಕರಿಗೆ ಹಾಕಿ ಕೆಲಸ ಮಾಡುತ್ತಲೇ ಮಾತಾಡುತ್ತಿದ್ದರು.

"ಅಮ್ಮಿ, ಪ್ಲೀಸ್. ಜಸ್ಟ್ ಮೂವ್ ಹಿಯರ್. ಇಲ್ಲಿ ಸ್ನೋ ಬರಲ್ಲ."

"ಬರುತ್ತೆ. ವರ್ಷಕ್ಕೊಂದ್ ಸಲ ಬರುತ್ತೆ. ಅವತ್ತು ನಿಮ್ಮೂರಲ್ಲಿ ಒಂದು ಗಾಡಿನೂ ಓಡಲ್ಲ. ಇಲ್ಲಿ ಅಟ್‌ಲೀಸ್ಟ್ ಸ್ನೋ ತಳ್ಳೋ ಪ್ಲೌ ಇದೆ."

"ಯು ಆರ್ ಸೋ ಸ್ಟಬರ್ನ್."

"ಹೌದು. ಗಾಡಿ ಮಾತ್ರ ನನ್ನ ಮಾತು ಕೇಳುತ್ತೆ" ಎಂದು ನನಗೆ ಕಣ್ಣು ಹೊಡೆಯುತ್ತಿದ್ದರು.

ನಾವು ಬಂದು ಕೆಲವು ವರ್ಷಗಳಾದ ಮೇಲೆ, ಒಂದು ಜನವರಿಯ ಶನಿವಾರಕ್ಕೆ ದೊಡ್ಡ ಹಿಮಪಾತ, ಅದರ ಮೇಲೆ ಹೆಪ್ಪುಗಟ್ಟುವ ಮಳೆ ಎಂದು ವಾರದ ನಡುವಿನಿಂದಲೇ ಟಿವಿಯಲ್ಲಿ ಹೇಳುತ್ತಿದ್ದರು. ಗುರುವಾರ ಡಯಾಲಿಸಿಸ್ ಮುಗಿಸಿ ಬರುವಾಗ ಆಪಾ ಟ್ಯಾಂಕ್ ತುಂಬಿಸಿಕೊಂಡು ಬಂದರು. ಅರ್ಧ ಟ್ಯಾಂಕ್ ಅಂದರೆ ಅವರ ಲೆಕ್ಕದಲ್ಲಿ ಖಾಲಿ ಟ್ಯಾಂಕ್. ಶುಕ್ರವಾರ ಸೆಂಟರಿನಿಂದ ಫೋನ್ ಬಂತು: ಶನಿವಾರ ಮುಚ್ಚಿರುತ್ತೇವೆ, ಇವತ್ತು ಒಂದು ಕುರ್ಚಿಯೂ ಖಾಲಿ ಇಲ್ಲ, ಭಾನುವಾರ ಮಧ್ಯಾಹ್ನ ಬನ್ನಿ. ಆಪಾ ಗಾಡಿಯನ್ನು ಮೂತಿ ರಸ್ತೆಯ ಕಡೆಗೆ ಬರುವಂತೆ ತಿರುಗಿಸಿ ನಿಲ್ಲಿಸಿದರು. ವೈಪರುಗಳನ್ನು ಎತ್ತಿ ನಿಲ್ಲಿಸಿದೆವು. ಗಾಜಿನ ಮೇಲೆ ಹಳೇ ದುಪ್ಪಟಿ ಹೊದಿಸಿ ಎರಡೂ ತುದಿಯನ್ನು ಬಾಗಿಲಿಗೆ ಸಿಕ್ಕಿಸಿದೆ. ಸುತ್ತ ಒಂದು ಸುತ್ತು ಹಾಕಿ ನೋಡಿ, "ಇನ್ನು ಬರ್ಲಿ" ಅಂದರು.

ಬಂತು. ಶನಿವಾರವಿಡೀ ಹಿಮ, ಆಮೇಲೆ ಅಕ್ಕಿಕಾಳಿನಂಥ ಮಂಜುಗಡ್ಡೆ, ಆಮೇಲೆ ಮಳೆ. ಬಿದ್ದ ಮಳೆ ಬಿದ್ದಲ್ಲೇ ಗಾಜಾಯಿತು. ಭಾನುವಾರ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಬೇಲಿ, ಗಿಡ, ರಸ್ತೆ ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿತ್ತು.

ಏನಾದರೂ ಮಾಡಿಕೊಡೋಣ ಅಂದರೆ ನನಗೆ ಗೊತ್ತಿರುವುದು ಅಡುಗೆ. ಫೋನ್ ಮಾಡಿ, ಸಾರು ಕಳಿಸಲೇ ಅಂದೆ. ಟೊಮೆಟೊ ಆಗಲ್ಲ. ಬೇಳೆ? ಬೇಡ. ಆಲೂಗಡ್ಡೆ ಪಲ್ಯ? ಅಯ್ಯೋ, ಬೇಡವೇ ಬೇಡ. ಪೊಟ್ಯಾಸಿಯಂ ಇರುವುದೆಲ್ಲ ಡಯಾಲಿಸಿಸ್ ತಪ್ಪಿದ ದಿನ ಅವರಿಗೆ ವಿಷ. ಮಜ್ಜಿಗೆಯೂ ಇಲ್ಲ. ಇಪ್ಪತ್ತೈದು ವರ್ಷ ಮನೆಮಂದಿಗೆಲ್ಲ ಬೇಯಿಸಿ ಹಾಕಿದ ನಾನು, ನನ್ನ ಡಬ್ಬಿಗಳನ್ನೆಲ್ಲ ತೆರೆದು ಮುಚ್ಚಿ, ಕೊನೆಗೆ ಗಂಜಿ ಬಸಿದ ಬಿಳಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿ ತೆಗೆದುಕೊಂಡು ಹೋದೆ. ಎದುರುಮನೆಗೆ ಹೋಗಲು ಕೈಕಾಲು ಊರಿಕೊಂಡು ತೆವಳಬೇಕಾಯಿತು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಾನು, ನನ್ನ ಗಂಡ, ಸಾಲಿನ ನಾಲ್ಕು ಮನೆಯವರು ಸಲಿಕೆ ಹಿಡಿದು ನಿಂತೆವು. ಸಲಿಕೆ ಹೊಡೆದರೆ ಠಣ್ ಎಂದು ವಾಪಸು ಚಿಮ್ಮುತ್ತಿತ್ತು. ಅಂತೂ ಒಡೆದು, ಕೆರೆದು, ಅವರ ಡ್ರೈವ್‌ವೇ ಬಿಡಿಸಿದೆವು. ದುಪ್ಪಟಿ ತೆಗೆದರೆ ಗಾಜು ಸ್ವಚ್ಛ. ಬಾಗಿಲು ಒಂದೇ ಎಳೆತಕ್ಕೆ ತೆರೆಯಿತು. ಆಪಾ ಕೂತು ಬಟನ್ ಒತ್ತಿದರು; ಒಂದೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು. ಸದ್ದು ಕೇಳಿ ಬಾಗಿಲಲ್ಲಿ ನಿಂತಿದ್ದ ಸಾಹೇಬ್ರು "ಮಾಷಾ ಅಲ್ಲಾ" ಅಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆದರೆ ಡ್ರೈವ್‌ವೇಯಿಂದಾಚೆ ನಮ್ಮ ಸಾಲಿನ ಗಲ್ಲಿ. ಅದು ಕೌಂಟಿಯ, ಅಂದರೆ ಸರ್ಕಾರದ, ರಸ್ತೆಯಲ್ಲ, ಮನೆಯವರ ಸಂಘದ್ದು. ಹಿಮ ತೆಗೆಯುವ ಕಂಟ್ರಾಕ್ಟರನ ಗಾಡಿ ಇನ್ನೂ ಬಂದಿರಲಿಲ್ಲ. ಫೋನ್ ಮಾಡಿದರೆ ನಿಮ್ಮ ಸರದಿ ಬರುತ್ತೆ ಅನ್ನುತ್ತಿದ್ದರು. ಗಲ್ಲಿಯಿಂದಾಚೆಗಿನ ದೊಡ್ಡ ರಸ್ತೆ ಕಪ್ಪಗೆ ತೆರೆದುಕೊಂಡಿದ್ದುದು ನಾವು ನಿಂತಲ್ಲಿಗೇ ಕಾಣುತ್ತಿತ್ತು. ಅಲ್ಲಿ ಕಾರುಗಳು ಓಡಾಡುತ್ತಿದ್ದವು.

"ಇಷ್ಟೇ ತಾನೆ, ನಿಧಾನಕ್ಕೆ ಇಳಿಸ್ತೀನಿ" ಅಂದರು ಆಪಾ. ಚಕ್ರದ ಮುಂದೆ ಬೆಕ್ಕಿನ ಮಣ್ಣು ಸುರಿದೆವು. ಗಾಡಿ ಗಲ್ಲಿಗೆ ಇಳಿಯಿತು, ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ಆಮೇಲೆ ಇಳಿಜಾರು. ಗಾಡಿ ತನ್ನಷ್ಟಕ್ಕೆ ತಾನೇ ಅಡ್ಡ ತಿರುಗಲು ಶುರುವಾಯಿತು. ಎಷ್ಟು ನಿಧಾನ ಅಂದರೆ, ಪಕ್ಕದಲ್ಲಿ ನಡೆಯುವವರು ಮಾತಾಡಿಕೊಂಡು ಹೋಗಬಹುದಿತ್ತು. ಗಾಜಿನಾಚೆ ಆಪಾ ಕಾಣುತ್ತಿದ್ದರು. ಬ್ರೇಕಿಗೆ ಕಾಲಿಡಲಿಲ್ಲ. ಹೋಗಬೇಕಾದ ಕಡೆಗೇ ನೋಡುತ್ತಿದ್ದರು, ಅದೇ ಕಡೆಗೆ ತಿರುಗಿಸುತ್ತಿದ್ದರು. ನನಗೆ ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಗಾಡಿ ಜಾರುತ್ತ ಹೋಗಿ ಅಂಚೆಪೆಟ್ಟಿಗೆಗಳ ಕಂಬಕ್ಕೆ ಒರಗಿ ನಿಂತಿತು. ಸುತ್ತ ಅಷ್ಟು ಜನ ಸಲಿಕೆ ಹಿಡಿದು ನಿಂತಿದ್ದೆವು. ಯಾರಿಂದಲೂ ಏನೂ ಆಗಲಿಲ್ಲ.

ನಾನು ಹಿಡಿದು ಹಿಡಿದು ಅವರ ಬಾಗಿಲ ಹತ್ತಿರ ಹೋದೆ. ಪೆಟ್ಟೇನೂ ಆಗಿರಲಿಲ್ಲ. ಇಂಜಿನ್ ಆರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಎಲ್ಲಾ ಮಾಡಿದ್ವಲ್ಲಮ್ಮ?"

"ಮಾಡಿದ್ವಿ ಆಪಾ."

"ಏನ್ ಬಿಟ್ಟೋಯ್ತು?"

"ಏನೂ ಬಿಟ್ಟಿಲ್ಲ ಆಪಾ. ಏನೂ ಬಿಟ್ಟಿಲ್ಲ."

ತಲೆಯಾಡಿಸಿದರು. ಏನಾದರೂ ಬಿಟ್ಟುಹೋಗಿದ್ದಿದ್ದರೆ ಅವರಿಗೆ ಇನ್ನಷ್ಟು ಸಮಾಧಾನವಾಗುತ್ತಿತ್ತೇನೋ ಅನ್ನಿಸಿತು ನನಗೆ.

ಆ ಇಳಿಜಾರಿನಲ್ಲಿ ಅವರನ್ನು ನಡೆಸಿಕೊಂಡು ದೊಡ್ಡ ರಸ್ತೆ ಮುಟ್ಟಿಸುವುದು ಆಗದ ಮಾತು; ತುರ್ತು ಸಹಾಯಕ್ಕೆ ಫೋನ್ ಮಾಡಿದೆವು. ಉಸಿರಾಟಕ್ಕೆ ತೊಂದರೆಯಿದೆಯೇ ಎಂದು ಆ ಕಡೆಯಿಂದ ಕೇಳಿದರು. ನಾನು ಹೂಂ ಅನ್ನಿ, ಹೂಂ ಅನ್ನಿ ಎಂದು ಕೈಸನ್ನೆ ಮಾಡಿದೆ. ಆಪಾ ನನ್ನನ್ನೇ ನೋಡುತ್ತ "ನಾಟ್ ಯೆಟ್" ಅಂದರು. ಹಾಗಾದರೆ ಕಾಯಬೇಕು, ಎಷ್ಟು ಹೊತ್ತು ಹೇಳಲಾಗದು ಅಂದರು ಅವರು. ಫೋನಿಟ್ಟ ಮೇಲೆ ನನಗೆ ಅಳು ಬಂತು. "ಯಾಕ್ ಆಪಾ ಹಾಗಂದ್ರಿ?"

"ನಾನು ಸುಳ್ಳು ಹೇಳಿದ್ರೆ, ನಿಜವಾಗ್ಲೂ ಉಸಿರು ಕಟ್ಟಿರೋರ ಮನೆಗೆ ಗಾಡಿ ಲೇಟಾಗುತ್ತಲ್ಲಮ್ಮ."

ಸೋಮವಾರ ಬೆಳಿಗ್ಗೆ ಸಾಹೇಬ್ರ ಫೋನು. "ಅವ್ಳಿಗೆ ಒಂದು ಮಾತು ಪೂರ್ತಿ ಹೇಳಕ್ಕಾಗ್ತಿಲ್ಲಮ್ಮ." ಓಡಲಾಗದ ರಸ್ತೆಯಲ್ಲಿ ಹೇಗೋ ಹೋದೆ. ಆಪಾ ಸೋಫಾದಲ್ಲಿ ಮುಂದಕ್ಕೆ ಬಾಗಿ ಕೂತು, ಮೊಣಕಾಲಿಗೆ ಕೈಯೂರಿ, ಗಾಳಿಯನ್ನು ಕಚ್ಚಿ ಕಚ್ಚಿ ತೆಗೆದುಕೊಳ್ಳುತ್ತಿದ್ದರು. ಪಾದಗಳು ಬನ್ನಿನ ಹಾಗೆ ಊದಿದ್ದವು. ಈ ಸಲ ಫೋನಿನಲ್ಲಿ ಸುಳ್ಳು ಹೇಳಬೇಕಾಗಿ ಬರಲಿಲ್ಲ. ಚಕ್ರಕ್ಕೆ ಸರಪಳಿ ಕಟ್ಟಿದ ಅಗ್ನಿಶಾಮಕ ದಳದ ದೊಡ್ಡ ಟ್ರಕ್ಕು ಬಂದು, ಅದರ ಜಾಡಿನಲ್ಲಿ ಆಂಬುಲೆನ್ಸ್ ಬಂದು, ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ ಕರೆದೊಯ್ದರು. ಅವರು ಬರುವವರೆಗೆ ನಾನು ಮಾಡಿದ್ದಿಷ್ಟು: ಬೆನ್ನು ಸವರುತ್ತ ಕೂತಿದ್ದೆ.

ಮಧ್ಯಾಹ್ನ ಕಂಟ್ರಾಕ್ಟರನ ಗಾಡಿ ಬಂತು. ಗಲ್ಲಿಯನ್ನು ಬಿಡಿಸಲು ಅವನಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಆಪಾ ಬದುಕಿ ಬಂದರು. ಆದರೆ ಹೃದಯ ಸೋತಿದೆ, ಇನ್ನು ಡ್ರೈವ್ ಮಾಡಬಾರದು ಅಂದರಂತೆ ಡಾಕ್ಟರು. ಮಗಳು ರಜೆ ಹಾಕಿ ಬಂದು ಏಪೆಕ್ಸ್‌ಗೆ ಕರೆದಳು, ಬೈದಳು, ಅತ್ತಳು. "ಆಂಟಿ, ನೀವಾದ್ರೂ ಟೆಲ್ ಹರ್" ಎಂದು ನನ್ನ ಕೈ ಹಿಡಿದಳು. ಆಪಾ ಆ ಸಲ ಎದುರು ಮಾತಾಡಲೂ ಇಲ್ಲ, ಹೊರಡಲೂ ಇಲ್ಲ. ವ್ಯಾನಿನಲ್ಲಿ ಹೋಗಿ ಬರತೊಡಗಿದರು. ಗುರುವಾರಗಳಂದು ಮಾತ್ರ ನಾನು ಬಿಡುವು ಮಾಡಿಕೊಂಡು ಅವರದೇ ಗಾಡಿಯಲ್ಲಿ ಕರೆದೊಯ್ಯುತ್ತಿದ್ದೆ. ಪಕ್ಕದ ಸೀಟಿನಲ್ಲಿ ಕೂತರೂ ಸಿಗ್ನಲ್ ಹತ್ತಿರ ಬಂದರೆ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ನಾನು ನೋಡಿದೆ ಅಂತ ಗೊತ್ತಾದರೆ, "ಬ್ರೇಕ್ ಪ್ಯಾಡ್ ಚೆಕ್ ಮಾಡ್ತಿದೀನಿ" ಅನ್ನುತ್ತಿದ್ದರು.

ಜೂನ್ ತಿಂಗಳ ಒಂದು ಗುರುವಾರ ಹಾಗೆಯೇ ಕರೆದುಕೊಂಡು ಹೋಗಿದ್ದೆ. ಮೋಡವಿಲ್ಲದ ಆಕಾಶ. ಸಮಯಕ್ಕೆ ಮೊದಲೇ ತಲುಪಿದೆವು. ಒಳಗೆ ಹೋಗುವ ಮುಂಚೆ "ಎಸಿ ಹಾಕ್ಕೊಂಡು ಕೂತ್ಕೋ, ಬೇಯ್ತೀಯ" ಅಂದರು. ಎರಡು ಗಂಟೆ ಕಳೆದಿರಬೇಕು, ನರ್ಸ್ ಒಬ್ಬಳು ಹೊರಗೆ ಬಂದು ಕಾರುಗಳ ನಡುವೆ ಯಾರನ್ನೋ ಹುಡುಕುತ್ತಿದ್ದಳು. ನನ್ನನ್ನೇ ಎಂದು ದೂರದಿಂದಲೇ ಗೊತ್ತಾಯಿತು. ಕುರ್ಚಿಯಲ್ಲಿ ಕೂತಲ್ಲೇ ಹೃದಯ ನಿಂತಿತ್ತು. ತಪ್ಪದೆ, ತಡವಾಗದೆ ತಲುಪಿದ ಕುರ್ಚಿ.

ಮಾರನೆಯ ದಿನ ಮಣ್ಣಿಗೆ. ಮಗಳು ಅಮ್ಮನ ಜೊತೆಗೆ ಮುಂದಿನ ಗಾಡಿಯಲ್ಲಿ ಹೋದಳು. ಹಿಂದೆ ಆಪಾ ಅವರ ಬೂದುಬಣ್ಣದ ಗಾಡಿಯಲ್ಲಿ ಸಾಹೇಬ್ರು ನನ್ನ ಪಕ್ಕ. ಬಿಳಿ ಟೋಪಿ ಸರಿಮಾಡಿಕೊಂಡು, ಸೀಟ್ ಬೆಲ್ಟಿನ ಕೊಂಡಿಗೆ ತಡಕಾಡಿದರು, ನಾನೇ ಹಾಕಿದೆ. ಹೆದ್ದಾರಿಗೆ ಬಂದೆವು. ಅಲ್ಲಿ ಅವರು ಮುಖವನ್ನು ಗಾಜಿನ ಕಡೆಗೆ ಮಾಡಿ ಕೇಳಿದರು:

"ರಸ್ತೆ ಹೇಗಿದೆಯಮ್ಮ?"

ಕಣ್ಣು ಒರೆಸಿಕೊಂಡು ನೋಡಿದೆ. ಎರಡೂ ಕಡೆ ಹಸಿರು, ಮಧ್ಯೆ ಬಿಸಿಲಿಗೆ ಬೆಳ್ಳಗೆ ಹೊಳೆಯುವ ಹಾದಿ.

"ಒಣಗಿದೆ ಸಾಹೇಬ್ರೆ. ಪೂರ್ತಿ ಒಣಗಿದೆ. ಗಾಡಿಗಳೂ ಇಲ್ಲ."

"ಹಂಗಾದ್ರೆ ಬೇಗ ಹೋಗ್ಬಿಡ್ತೀವಿ" ಅಂದರು ಅವರು, ಮೆಲ್ಲಗೆ.

ಸ್ವಲ್ಪ ನಿಧಾನಿಸೋಣವೆಂದು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಆದರೂ ಗಾಡಿ ಆ ಇಳಿಜಾರಿನಲ್ಲಿ ತನ್ನಷ್ಟಕ್ಕೆ ಸಲೀಸಾಗಿ ಓಡುತ್ತಲೇ ಇತ್ತು.